ಪ್ರೋಗ್ರೆಸಿವ್ ಪ್ರೆಸ್ ಆರಿಸಿದ ಕಥೆ: ಸ್ಪೀಡ್ ಲೆಕ್ಕ ಬಿಟ್ಟು ಪ್ರೈಮರ್ ಹಿಂದೆ ಬಿದ್ದಿದ್ದು

ಸಿಂಗಲ್ ಸ್ಟೇಜ್ ಪ್ರೆಸ್ ಮೇಲೆ ನನಗೇನೂ ಸಿಟ್ಟಿಲ್ಲ, ರೀಲೋಡಿಂಗ್ (ಹೊಡೆದು ಖಾಲಿಯಾದ ಕೇಸಿಗೆ ಮತ್ತೆ ಪ್ರೈಮರ್, ಪೌಡರ್, ಬುಲೆಟ್ ಹಾಕಿ ತೋಟಾ ಮಾಡೋದು) ಅಂದ್ರೆ ಏನು ಅಂತ ಕಲಿಸಿದ್ದೇ ಆ ಮಷೀನು. ಆದ್ರೆ ಅದ್ರಲ್ಲಿ ಒಂದು ಸಲಕ್ಕೆ ಒಂದೇ ಡೈ (ಕೇಸ್ ಮೇಲೆ ಕೆಲಸ ಮಾಡೋ ಅಚ್ಚು), ಒಂದೇ ಕೆಲಸ. ಒಂದು ರಾಶಿ ಖಾಲಿ ಕೇಸ್ ಇಟ್ಕೊಂಡು ಕೂತು ಎಲ್ಲದ್ರಿಂದಲೂ ಹಳೇ ಪ್ರೈಮರ್ (ಪೌಡರಿಗೆ ಬೆಂಕಿ ಹೊತ್ತಿಸೋ, ಕೇಸ್ ತಳದ ಸಣ್ಣ ಬಟ್ಟಲು) ತೆಗೆದು ಸೈಜ್ ಮಾಡು, ಅಂದ್ರೆ ಹಿಗ್ಗಿದ ಕೇಸನ್ನ ಮೊದಲಿನ ಅಳತೆಗೆ ತರು, ಮತ್ತೆ ಮೊದಲಿಂದ ಎಲ್ಲಕ್ಕೂ ಹೊಸ ಪ್ರೈಮರ್ ಕೂರಿಸು, ಡೈ ಬದಲಿಸಿ ಬಾಯಿ ಸ್ವಲ್ಪ ಅಗಲ ಮಾಡು, ಪೌಡರ್ ಹಾಕು, ಇನ್ನೊಂದು ಡೈ ಹಾಕಿ ಬುಲೆಟ್ ಕೂರಿಸು, ಕಡೇಗೆ ಕ್ರಿಂಪ್, ಅಂದ್ರೆ ಕೇಸ್ ಬಾಯಿ ಬುಲೆಟ್ ಸುತ್ತ ಬಿಗಿ ಮಾಡೋದು. ಗಂಟೆಗೆ 50ರಿಂದ 100 ತೋಟಾ ಆದ್ರೆ ಜಾಸ್ತಿ. ರೈಫಲ್‌ಗೆ ಇದು ಸಾಕು, ಅಲ್ಲಿ ಒಂದೊಂದು ತೋಟಾನೂ ಮುದ್ದು ಮಾಡಿ ಮಾಡೋದೇ ಮಜಾ. ಆದ್ರೆ ನಾನು ಜಾಸ್ತಿ ಹೊಡೆಯೋದು 9 ಎಂಎಂ ಪಿಸ್ತೂಲ್, ಅದೂ ಮ್ಯಾಚ್‌ಗೆ ಪ್ರಾಕ್ಟೀಸು, ಒಂದು ಮಧ್ಯಾಹ್ನಕ್ಕೆ 200, 300 ಸುಮ್ಮನೆ ಖರ್ಚಾಗಿ ಹೋಗುತ್ತೆ. ಹೊಡೆಯೋಕೆ ಹಿಡಿಯೋ ಹೊತ್ತಿಗಿಂತ ತುಂಬೋಕೆ ಹಿಡಿಯೋ ಹೊತ್ತು ಎಷ್ಟೋ ಪಟ್ಟು ಜಾಸ್ತಿ ಆಗೋಕೆ ಶುರುವಾದ್ಮೇಲೆ ಪ್ರೋಗ್ರೆಸಿವ್ ಕಡೆ ಕಣ್ಣು ಹೋಯ್ತು.

ಗೊತ್ತಿಲ್ಲದವ್ರಿಗೆ ಒಂದೇ ಮಾತಲ್ಲಿ ಹೇಳ್ಬೇಕಂದ್ರೆ, ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಎಲ್ಲಾ ಡೈಗಳೂ ಒಟ್ಟಿಗೆ ಮೇಲೆ ಸುತ್ತಲೂ ಕೂತಿರುತ್ವೆ, ಕೆಳಗೆ ಶೆಲ್ ಪ್ಲೇಟ್ ಅಂತ ಒಂದು ತಿರುಗೋ ತಟ್ಟೆ, ಅದ್ರಲ್ಲಿ ಪ್ರತಿ ಸ್ಟೇಷನ್‌ಗೂ ಒಂದೊಂದು ಕೇಸ್. ಹ್ಯಾಂಡಲ್ ಒಂದು ಸಲ ಎಳೆದ್ರೆ ಒಂದ್ಕಡೆ ಸೈಜಿಂಗ್, ಪಕ್ಕದಲ್ಲಿ ಪೌಡರ್, ಅದ್ರ ಪಕ್ಕ ಬುಲೆಟ್ ಕೂರಿಸೋದು, ಆಮೇಲೆ ಕ್ರಿಂಪ್, ಎಲ್ಲಾ ಒಂದೇ ಏಟಿಗೆ. ತಟ್ಟೆ ಒಂದು ಸಲ ತುಂಬಿದ್ಮೇಲೆ ಪ್ರತಿ ಎಳೆತಕ್ಕೂ ಒಂದು ಪೂರ್ತಿ ತೋಟಾ ಡಬ್ಬಕ್ಕೆ ಬೀಳುತ್ತೆ. (ಲೈಸೆನ್ಸು, ಮದ್ದು ಎಷ್ಟು ಇಟ್ಕೋಬಹುದು, ಮನೇಲಿ ತುಂಬಬಹುದಾ ಇಲ್ವಾ ಅನ್ನೋದೆಲ್ಲಾ ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ ಪೂರ್ತಿ ನಿಷೇಧ. ಕಾನೂನು ಬಿಡೋ ಕಡೆ ಇರೋವ್ರಿಗೆ ಮಾತ್ರ ಈ ಬರಹ.)

ಮೊದಮೊದಲು ನಾನೂ ಎಲ್ಲರ ಥರಾನೇ ಗಂಟೆಗೆ ಎಷ್ಟು ಅನ್ನೋ ನಂಬರ್ ನೋಡ್ಕೊಂಡು ಕೂತೆ. ಇದು 400, ಅದು 600, ಇನ್ನೊಂದು 800 ಅಂತ. ಆ ನಂಬರ್ ಸುಳ್ಳು ಅಂತಲ್ಲ, ಆದ್ರೆ ಅದು ಪ್ರೈಮರ್ ಟ್ಯೂಬ್ ಎಲ್ಲಾ ಮೊದಲೇ ತುಂಬಿಟ್ಟು, ಒಂದೂ ಕೇಸ್ ಸಿಕ್ಕಿಹಾಕ್ಕೊಳ್ದೆ, ನಡುವೆ ತೂಕ ನೋಡೋಕೆ ಎದ್ದು ಹೋಗ್ದೆ ಇದ್ರೆ ಬರೋ ನಂಬರು. ಪ್ರೈಮರ್ ಟ್ಯೂಬಲ್ಲಿ ಹಿಡಿಯೋದು 100. ಅಂದ್ರೆ ಪ್ರತಿ 100ಕ್ಕೂ ನಿಲ್ಲಿಸಿ ತುಂಬಲೇಬೇಕು, ಬೇರೆ ಸಣ್ಣ ಟ್ರೇನಲ್ಲಿ ಪ್ರೈಮರ್ ಹರಡಿ ಎಲ್ಲಾ ಒಂದೇ ಮುಖ ಆಗೋ ಹಾಗೆ ಅಲ್ಲಾಡಿಸಿ ಟ್ಯೂಬ್ ತುದಿಯಿಂದ ಒಂದೊಂದಾಗಿ ಒತ್ತಿ ಒತ್ತಿ ಎತ್ಕೋಬೇಕು, ಆ ಕೆಲಸ ಮಾಡಿ ನೋಡಿದವ್ರಿಗೆ ಗೊತ್ತು ಎಷ್ಟು ಬೇಜಾರು ಅಂತ.

ನಮ್ಮ ಕ್ಲಬ್ಬಲ್ಲಿ ಹಿರಿಯರೊಬ್ಬರಿದ್ದಾರೆ, ಬಹಳ ವರ್ಷದಿಂದ ತುಂಬ್ತಾ ಬಂದಿರೋವ್ರು. ಯಾವ್ದು ತಗೊಳ್ಳಲಿ ಸರ್ ಅಂತ ಕೇಳಿದ್ದಕ್ಕೆ ಅವ್ರು ಯಾವ ಹೆಸರೂ ಹೇಳ್ಲಿಲ್ಲ. "ನೋಡಪ್ಪಾ, ಚೆನ್ನಾಗಿ ಓಡೋವಾಗ ಎಲ್ಲಾ ಮಷೀನೂ ಚೆನ್ನಾಗೇ ಇರುತ್ತೆ, ನಡುವೆ ಕೆಟ್ಟು ನಿಂತಾಗ ಯಾವ್ದು ಏನ್ ಮಾಡುತ್ತೆ ಅಂತ ನೋಡ್ಕೊ" ಅಂದ್ರು. ಆಗ ಇದೇನು ಒಗಟು ಥರ ಮಾತಾಡ್ತಾರಲ್ಲ ಅನ್ನಿಸ್ತು. ಆಮೇಲೆ ಸ್ನೇಹಿತರ ಹತ್ರ ಇರೋ ಪ್ರೆಸ್‌ಗಳ ಮೇಲೆ ಕೂತು ಹ್ಯಾಂಡಲ್ ಎಳೆದು, ಬೇಕಂತಲೇ ಅರ್ಧಕ್ಕೆ ನಿಲ್ಲಿಸಿ, ಕೇಸ್ ಹೊರಗೆ ತೆಗೆಯೋಕೆ ನೋಡಿ, ಹೀಗೆಲ್ಲಾ ಮಾಡಿದ್ಮೇಲೆ ನನ್ನ ಪಟ್ಟಿ ಪೂರ್ತಿ ಉಲ್ಟಾ ಆಯ್ತು.

ಮೊದಲನೇ ದೊಡ್ಡ ಪ್ರಶ್ನೆ, ತಟ್ಟೆ ತಾನೇ ತಿರುಗ್ಬೇಕಾ ಇಲ್ಲಾ ನಾವು ತಿರುಗಿಸ್ಬೇಕಾ. ಡಿಲ್ಲನ್ 550 ನಾಲ್ಕು ಸ್ಟೇಷನ್ನಿಂದು, ಅದ್ರಲ್ಲಿ ಶೆಲ್ ಪ್ಲೇಟ್ ಕೈಯಲ್ಲೇ ತಿರುಗಿಸ್ಬೇಕು. ಅದೇ ಕಂಪನಿಯ ಎಕ್ಸ್‌ಎಲ್ 750, ಹಾರ್ನಡಿಯ ಲಾಕ್ ಎನ್ ಲೋಡ್ ಎಪಿ, ಲೀಯವ್ರ ಲೋಡ್ ಮಾಸ್ಟರ್, ಇವೆಲ್ಲಾ ಐದು ಸ್ಟೇಷನ್, ಹ್ಯಾಂಡಲ್ ಎಳೆದ್ರೆ ತಟ್ಟೆ ತಾನೇ ಮುಂದಕ್ಕೆ ಹೋಗುತ್ತೆ. ಕೈಯಲ್ಲಿ ತಿರುಗಿಸೋದ್ರಲ್ಲಿ ಭಯ ಏನಪ್ಪಾ ಅಂದ್ರೆ, ಯಾರೋ ಕರೆದ್ರು, ತಲೆ ಎತ್ತಿ ಮಾತಾಡಿದ್ವಿ, ತಿರುಗಿಸೋದು ಮರೆತು ಇನ್ನೊಂದು ಸಲ ಎಳೆದ್ವಿ ಅಂದ್ರೆ ಅದೇ ಕೇಸ್‌ಗೆ ಎರಡನೇ ಸಲ ಪೌಡರ್ ಬೀಳುತ್ತೆ. 9 ಎಂಎಂಗೆ ಸಾಮಾನ್ಯವಾಗಿ ಹಾಕೋ ಫಾಸ್ಟ್ ಪೌಡರ್‌ಗಳು ಬರೀ ನಾಲ್ಕೈದು ಗ್ರೇನ್ (ಪೌಡರ್ ತೂಗೋ ಸಣ್ಣ ಅಳತೆ), ಎಷ್ಟೋ ಲೋಡ್‌ಗಳಲ್ಲಿ ಎರಡರಷ್ಟು ಹಾಕಿದ್ರೂ ಕೇಸ್ ಒಳಗೇ ಹಿಡಿಸಿಬಿಡುತ್ತೆ, ಹೊರಗೆ ಚೆಲ್ಲೋದಿಲ್ಲ, ಹಾಗಾಗಿ ಬಗ್ಗಿ ನೋಡ್ದೆ ಇದ್ರೆ ಗೊತ್ತೇ ಆಗಲ್ಲ. ಅದನ್ನ ಹೊಡೆದ್ರೆ ಪಿಸ್ತೂಲೂ ಹೋಗುತ್ತೆ, ಕೈಗೂ ಪೆಟ್ಟು.

ಹಾಗಂತ ಆಟೋ ಇಂಡೆಕ್ಸ್ (ತಟ್ಟೆ ತಾನೇ ತಿರುಗೋದು) ಅಂದ್ರೆ ಪೂರ್ತಿ ಸೇಫ್ ಅಂತ ತುಂಬಾ ಜನ ಹೇಳ್ತಾರೆ, ಅದನ್ನ ನಾನು ಒಪ್ಪಲ್ಲ. ಅಲ್ಲಿ ತೊಂದ್ರೆ ಬೇರೆ ದಾರೀಲಿ ಬರುತ್ತೆ. ಸೈಜಿಂಗ್ ಡೈನಲ್ಲಿ ಒಂದು ಕೇಸ್ ಸಿಕ್ಕಿಹಾಕ್ಕೊಂಡು ಹ್ಯಾಂಡಲ್ ನಡುವೆ ನಿಂತ್ರೆ ನಾವು ಸ್ವಲ್ಪ ಮೇಲೆ ಕೆಳಗೆ ಆಡಿಸ್ತೀವಿ, ಅಷ್ಟರಲ್ಲಿ ಪೌಡರ್ ಸ್ಟೇಷನ್ನಲ್ಲಿರೋ ಕೇಸ್‌ಗೆ ಪೌಡರ್ ಬಿದ್ದಿರಬಹುದು, ಅರ್ಧ ಬಿದ್ದಿರಬಹುದು, ಬೀಳ್ದೇನೂ ಇರಬಹುದು. ಕೈಯಲ್ಲಿ ತಿರುಗಿಸೋ ಮಷೀನ್ನಲ್ಲಿ ತಟ್ಟೆ ಎಲ್ಲಿದೆ ಅಂತ ನಿಮಗೆ ಗೊತ್ತು, ಹಿಂದಕ್ಕೂ ತಿರುಗಿಸಬಹುದು, ಪಿನ್ ಎಳೆದು ಆ ಕೇಸ್ ಹೊರಗೆ ತೆಗೀಬಹುದು. ತಾನೇ ತಿರುಗೋದ್ರಲ್ಲಿ ಅದು ಒಂದು ಸಲ ಮುಂದೆ ಹೋಯ್ತು ಅಂದ್ರೆ ಹೋಯ್ತು. ಹಾಗಾಗಿ ಎರಡಕ್ಕೂ ನಾನು ಇಟ್ಕೊಂಡಿರೋ ನಿಯಮ ಒಂದೇ: ಹ್ಯಾಂಡಲ್ ನಡುವೆ ನಿಂತ್ರೆ ತಟ್ಟೆ ಮೇಲಿರೋ ಎಲ್ಲಾ ಕೇಸ್ ತೆಗೆದು ಪೌಡರ್ ವಾಪಸ್ ಸುರಿದು ಮೊದಲಿಂದ ಶುರು. ಹೋದ್ರೆ ಎರಡು ನಿಮಿಷ ಹೋಗುತ್ತೆ.

ಇಲ್ಲಿಗೆ ಬಂದಾಗ ಐದನೇ ಸ್ಟೇಷನ್ ಯಾಕೆ ಬೇಕು ಅಂತ ಅರ್ಥ ಆಯ್ತು. ನಾಲ್ಕೇ ಇದ್ರೆ ಸೈಜಿಂಗ್ ಪ್ರೈಮಿಂಗ್ ಒಂದು, ಪೌಡರ್ ಒಂದು, ಬುಲೆಟ್ ಒಂದು, ಕ್ರಿಂಪ್ ಒಂದು, ಮುಗೀತು, ಪೌಡರ್ ಸರಿ ಬಿದ್ದಿದೆಯಾ ಅಂತ ನೋಡೋಕೆ ಜಾಗಾನೇ ಇಲ್ಲ, ಕಣ್ಣಿಂದಾನೇ ನೋಡ್ಬೇಕು. ಐದಿದ್ರೆ ಪೌಡರ್ ಆದ್ಮೇಲೆ, ಬುಲೆಟ್ ಇಡೋದಕ್ಕೆ ಮುಂಚೆ, ಒಂದು ಪೌಡರ್ ಚೆಕ್ ಹಾಕ್ಬಹುದು. ಇದ್ರಲ್ಲಿ ಮೂರು ಥರ ನೋಡಿದೆ. ಹಾರ್ನಡಿ ಪೌಡರ್ ಕಾಪ್‌ನಲ್ಲಿ ಒಂದು ಕಡ್ಡಿ ಮೇಲೆ ಏಳುತ್ತೆ, ಅದು ಎಲ್ಲಿಗೆ ಬಂತು ಅಂತ ನಾವೇ ನೋಡ್ಬೇಕು. ಡಿಲ್ಲನ್‌ದು ಬಝರ್ ಹೊಡ್ಕೊಳ್ಳುತ್ತೆ. ಆರ್‌ಸಿಬಿಎಸ್‌ನ ಲಾಕ್ ಔಟ್ ಡೈ ಪೌಡರ್ ಜಾಸ್ತಿಯಾದ್ರೂ ಕಮ್ಮಿಯಾದ್ರೂ ಪ್ರೆಸ್ಸನ್ನೇ ಹಿಡಿದು ನಿಲ್ಲಿಸಿಬಿಡುತ್ತೆ. ಒಂದು ವಿಷಯ ಸ್ಪಷ್ಟ ಇರ್ಲಿ, ಇವು ಯಾವ್ದೂ ಗ್ರೇನ್‌ನ ಹತ್ತನೇ ಒಂದು ಭಾಗದ ವ್ಯತ್ಯಾಸ ಹಿಡಿಯಲ್ಲ. ಡಬಲ್ ಬಿದ್ರೆ ಹೇಳುತ್ವೆ, ಪೌಡರೇ ಬೀಳ್ಲಿಲ್ಲ ಅಂದ್ರೆ ಹೇಳುತ್ವೆ. ಅದೇ ನಂಗೆ ಬೇಕಾಗಿದ್ದು. ಪೌಡರ್ ಬೀಳ್ದೆ ಇರೋದನ್ನ ಜನ ಹಗುರವಾಗಿ ತಗೋತಾರೆ, ಆದ್ರೆ ಬರೀ ಪ್ರೈಮರ್ ಬಲಕ್ಕೆ ಬುಲೆಟ್ ಬ್ಯಾರಲ್ ಒಳಗೆ ಹೋಗಿ ಕಚ್ಕೊಂಡು ಕೂತುಬಿಡುತ್ತೆ, ಅದು ಗೊತ್ತಾಗ್ದೆ ಅದ್ರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರಲ್ ಉಬ್ಬುತ್ತೆ ಇಲ್ಲಾ ಸೀಳುತ್ತೆ. ಮ್ಯಾಚಲ್ಲಿ ವೇಗವಾಗಿ ಹೊಡೀವಾಗ "ಪುಸ್" ಅಂದಿದ್ದು ಕಿವಿಗೆ ಬೀಳ್ಬೇಕಲ್ಲ.

ಎರಡನೇದು ಪ್ರೈಮಿಂಗ್. ನನ್ನ ಪ್ರಕಾರ ಪ್ರೋಗ್ರೆಸಿವ್ ಪ್ರೆಸ್ ಆರಿಸೋದು ಅಂದ್ರೆ ಮುಕ್ಕಾಲು ಪಾಲು ಪ್ರೈಮಿಂಗ್ ಸಿಸ್ಟಮ್ ಆರಿಸೋದೇ. ಮಿಕ್ಕಿದ್ದೆಲ್ಲಾ ಕಬ್ಬಿಣ, ಎಲ್ಲರದ್ದೂ ಗಟ್ಟಿಯಾಗೇ ಇದೆ. ಆದ್ರೆ ಕೆಲಸ ಕೈಕೊಡೋದು ಹತ್ತರಲ್ಲಿ ಎಂಟು ಸಲ ಪ್ರೈಮರ್ ಹತ್ರ. ಪ್ರೈಮರ್ ತಿರುಗಿ ಉಲ್ಟಾ ಕೂರೋದು, ಅಡ್ಡ ಕೂರೋದು, ಬರ್ದೇ ಇರೋದು, ಹಳೇ ಪ್ರೈಮರ್‌ನ ಕರಿ ಪುಡಿ ಬಿದ್ದು ಸ್ಲೈಡ್ ಬಿಗಿಯಾಗೋದು. ಕೆಲವು ಪ್ರೆಸ್‌ನಲ್ಲಿ ಪ್ರೈಮರ್ ಒಂದು ಜಾರುದಾರೀಲಿ ತಮ್ಮ ಭಾರಕ್ಕೆ ತಾವೇ ಇಳಿದು ಬರ್ತವೆ, ಅದು ಅಗ್ಗ, ಸರಳ, ಆದ್ರೆ ಮೇಲೆ ಪ್ರೈಮರ್ ಕಮ್ಮಿ ಆದ್ರೆ ತಳ್ಳೋ ಭಾರಾನೇ ಇರಲ್ಲ, ಕೊನೇ ಕೆಲವು ಸರಿಯಾಗಿ ಬರಲ್ಲ. ಟ್ಯೂಬಲ್ಲಿ ಒಂದರ ಮೇಲೊಂದು ನಿಂತು ಕೆಳಗೆ ಸ್ಲೈಡ್ ಒಂದು ಹೋಗಿ ಒಂದೊಂದೇ ಎತ್ಕೊಂಡು ಬರೋದು ಇನ್ನೊಂದು ಥರ. ಡಿಲ್ಲನ್‌ನ ಹಳೇ 650ಯಲ್ಲಿ ತಿರುಗೋ ಡಿಸ್ಕ್ ಇತ್ತು, ಪ್ರತಿ ಎಳೆತಕ್ಕೂ ಪ್ರೈಮರ್ ಮುಂದೆ ಹೋಗ್ತಿತ್ತು, ಬಳಸ್ದೆ ಇದ್ರೆ ಆಚೆ ಬೀಳ್ತಿತ್ತು. 750ಯಲ್ಲಿ ಅದನ್ನ ಬಿಟ್ಟು 550 ಥರದ್ದೇ ಸ್ಲೈಡ್ ಹಾಕಿದ್ದಾರೆ, ಕೇಸ್ ಇಲ್ಲದಿದ್ರೆ ಪ್ರೈಮರ್ ಅಲ್ಲೇ ಕಾಯ್ತಾ ಕೂತಿರುತ್ತೆ. ಸಣ್ಣ ಬದಲಾವಣೆ ಅನ್ಸಬಹುದು, ಆದ್ರೆ ನಡುವೆ ನಿಲ್ಲಿಸಿ ಸರಿ ಮಾಡೋವಾಗ ಪ್ರೈಮರ್ ನೆಲದ ಮೇಲೆ ಉರುಳಾಡ್ತಾ ಇರಲ್ಲ ಅನ್ನೋದು ನನಗಂತೂ ದೊಡ್ಡ ವಿಷಯ.

ಇನ್ನೊಂದು, ಕೈಗೆ ಗೊತ್ತಾಗೋದು. ಡಿಲ್ಲನ್ 550, 750, ಹಾರ್ನಡಿ ಥರದ ಪ್ರೆಸ್‌ಗಳಲ್ಲಿ ಹ್ಯಾಂಡಲ್ ಕೆಳಗೆ ಎಳೆದಾಗ ಡೈಗಳ ಕೆಲಸ, ವಾಪಸ್ ಮೇಲೆ ಬಂದು ಕೊನೇಗೆ ಮುಂದಕ್ಕೆ ಒತ್ತಿದಾಗ ಪ್ರೈಮರ್ ಕೂರೋದು. ಆ ಒತ್ತೋದ್ರಲ್ಲಿ ಬೇರೇನೂ ಕೆಲಸ ಇಲ್ಲ, ಬರೀ ಪ್ರೈಮರ್, ಹಾಗಾಗಿ ಬಿಗಿ ಇದೆಯಾ ಸಡಿಲ ಇದೆಯಾ ಅಂತ ಅಂಗೈಗೆ ಗೊತ್ತಾಗುತ್ತೆ. ಮಿಲಿಟರಿ ಕೇಸ್‌ಗಳಲ್ಲಿ ಪ್ರೈಮರ್ ಸುತ್ತ ಕ್ರಿಂಪ್ ಮಾಡಿರ್ತಾರೆ, ಅದನ್ನ ತೆಗೀದೆ ಹೊಸ ಪ್ರೈಮರ್ ತುರುಕೋಕೆ ಹೋದ್ರೆ ತಕ್ಷಣ ಕೈ ಹೇಳುತ್ತೆ, ಅಲ್ಲಿಗೆ ನಿಲ್ಲಿಸಿಬಿಡಬೇಕು. ಡಿಲ್ಲನ್ 1100 ಥರದ ಎಂಟು ಸ್ಟೇಷನ್ ಮಷೀನಲ್ಲಿ ಇದಕ್ಕೇ ಅಂತ ಸ್ವೇಜ್ ಮಾಡೋ, ಅಂದ್ರೆ ಆ ಕ್ರಿಂಪನ್ನ ಒತ್ತಿ ಸರಿ ಮಾಡೋ ಸ್ಟೇಷನ್ ಇದೆ, ಪ್ರೈಮರ್ ಕೂರೋದು ಕೆಳಗೆ ಎಳೆಯೋ ಎಳೆತದಲ್ಲೇ, ಎಷ್ಟು ಆಳ ಅಂತ ಸ್ಕ್ರೂನಲ್ಲಿ ಸೆಟ್ ಮಾಡ್ಬಹುದು. ಒಬ್ರ ಮನೇಲಿ ಅದ್ರ ಮೇಲೆ ಕೂತು ನೋಡಿದೆ. ಅದ್ಭುತ ಮಷೀನ್, ನಿಜ. ಆದ್ರೆ ಕ್ಯಾಲಿಬರ್ ಬದಲಿಸೋಕೆ ಬೇಕಾದ ಭಾಗಗಳಿಗೇ ಒಂದು ಸಣ್ಣ ಪ್ರೆಸ್ ಬರೋವಷ್ಟು ದುಡ್ಡು, ಮತ್ತೆ ನಾನೇನು ಮಿಲಿಟರಿ ಕೇಸ್ ರಾಶಿ ಹಾಕ್ಕೊಂಡು ಕೂತಿಲ್ಲ. ಫ್ರಾಂಕ್‌ಫರ್ಡ್ ಆರ್ಸೆನಲ್‌ದು ಎಕ್ಸ್ 10 ಅಂತ ಹತ್ತು ಸ್ಟೇಷನ್‌ದೂ ಇದೆ. ನಂಗೆ ಹತ್ತು ಬೇಡ.

ಅಂದಹಾಗೆ ಒಂದು ಎಚ್ಚರಿಕೆ. ಟ್ಯೂಬಲ್ಲಿ 100 ಪ್ರೈಮರ್ ಒಂದರ ಮೇಲೊಂದು ಇರೋದು ಅಂದ್ರೆ ಒಂದು ಸಿಡಿದ್ರೆ ಎಲ್ಲಾ ಸಿಡೀಬಹುದು. ಅದಕ್ಕೇ ಒಳ್ಳೇ ಪ್ರೆಸ್‌ಗಳಲ್ಲಿ ಟ್ಯೂಬ್ ಸುತ್ತ ದಪ್ಪ ಲೋಹದ ಕವಚ ಇರುತ್ತೆ. ಇದಿಲ್ಲದ್ದನ್ನ ನಾನು ನೋಡೋಕೂ ಹೋಗ್ಲಿಲ್ಲ. ಕಣ್ಣಿಗೆ ಗ್ಲಾಸ್ ಇಲ್ದೆ ಪ್ರೆಸ್ ಮುಂದೆ ಕೂರೋದೂ ಇಲ್ಲ, ಸಿಕ್ಕಿಹಾಕ್ಕೊಂಡ ಪ್ರೈಮರನ್ನ ಕಡ್ಡೀಲಿ ಕುಟ್ಟೋದಂತೂ ಇಲ್ವೇ ಇಲ್ಲ.

ತಟ್ಟೆ ತಿರುಗೋ ರೀತೀನೂ ನೋಡ್ದೆ. ಹಾರ್ನಡಿಯದ್ರಲ್ಲಿ ಅರ್ಧ ತಿರುಗೋದು ರಾಮ್ (ತಟ್ಟೆ ಹೊತ್ತು ಏರಿಳಿಯೋ ಕಂಬ) ಮೇಲೆ ಹೋಗುವಾಗ, ಇನ್ನರ್ಧ ಕೆಳಗೆ ಬರುವಾಗ, ಹಾಗಾಗಿ ಬಹಳ ನಯ. ಒಂದೇ ಸಲ ಪೂರ್ತಿ ತಿರುಗೋದ್ರಲ್ಲಿ ಕೊನೇಗೆ ಟಕ್ ಅಂತ ನಿಲ್ಲುತ್ತೆ, 9 ಎಂಎಂ ಚಿಕ್ಕ ಕೇಸ್, ಪೌಡರ್ ಬಾಯಿವರೆಗೂ ಇದ್ರೆ ಆ ಜರ್ಕ್‌ಗೆ ನಾಲ್ಕು ಕಾಳು ಹೊರಗೆ ಹಾರುತ್ತೆ, ತಟ್ಟೆ ಕೆಳಗೆ ಸೇರ್ಕೊಂಡು ಆಮೇಲೆ ಪ್ರೈಮರ್ ಸ್ಲೈಡ್‌ಗೆ ತೊಂದ್ರೆ ಕೊಡುತ್ತೆ. ತಟ್ಟೆಯನ್ನ ಸರಿ ಜಾಗದಲ್ಲಿ ಹಿಡಿದು ನಿಲ್ಲಿಸೋ ಡಿಟೆಂಟ್ ಬಾಲ್ ಸ್ಪ್ರಿಂಗ್ ಸ್ವಲ್ಪ ಸಡಿಲದ್ದು ಹಾಕಿದ್ರೆ, ತಟ್ಟೆ ಬೋಲ್ಟ್ ಕೆಳಗೆ ಬೇರಿಂಗ್ ಹಾಕಿದ್ರೆ ಕಮ್ಮಿ ಆಗುತ್ತೆ, ಹ್ಯಾಂಡಲ್ ಕೊನೇಲಿ ನಿಧಾನ ಮಾಡಿದ್ರೆ ಅದೂ ಬೇಡ. ಈ ಒಂದು ವಿಷಯದಲ್ಲಿ ನಾನು ಹಾರ್ನಡಿಗೇ ಮಾರ್ಕ್ಸ್ ಜಾಸ್ತಿ ಕೊಟ್ಟಿದ್ದು. ಡೈ ಬದಲಿಸೋಕೂ ಅವ್ರ ಬುಶಿಂಗ್ ಪದ್ಧತಿ ಚೆಂದ, ಸ್ವಲ್ಪ ತಿರುಗಿಸಿದ್ರೆ ಡೈ ಕೈಗೆ ಬರುತ್ತೆ. ಡಿಲ್ಲನ್‌ನಲ್ಲಿ ಡೈಗಳೆಲ್ಲಾ ಇರೋ ಟೂಲ್‌ಹೆಡ್ಡೇ ಎರಡು ಪಿನ್ ತೆಗೆದು ಎಳ್ಕೋಬಹುದು, ಪ್ರತಿ ಕ್ಯಾಲಿಬರ್‌ಗೂ ಒಂದು ಟೂಲ್‌ಹೆಡ್ ಇಟ್ಕೊಂಡ್ರೆ ಸೆಟ್ಟಿಂಗ್ ಮುಟ್ಟೋದೇ ಬೇಡ. ಇಲ್ಲೊಂದು ಮಾತು, ಡಿಲ್ಲನ್‌ದೇ ಸ್ಕ್ವೇರ್ ಡೀಲ್ ಅನ್ನೋದು ಪಿಸ್ತೂಲ್‌ಗೆ ಮಾತ್ರ, ಅದ್ರ ಡೈ ಬೇರೆ ಯಾವ ಪ್ರೆಸ್‌ಗೂ ಆಗಲ್ಲ, ಬೇರೆಯವ್ರ ಡೈ ಅದಕ್ಕೂ ಆಗಲ್ಲ. ನನ್ನ ಹತ್ರ ಆಗ್ಲೇ ಕಾರ್ಬೈಡ್ ಡೈ ಸೆಟ್ ಇತ್ತು, ಹಾಗಾಗಿ ಅದು ಮೊದಲೇ ಪಟ್ಟಿಯಿಂದ ಹೋಯ್ತು.

ಲೀ ಪ್ರೆಸ್‌ಗಳ ಬಗ್ಗೆ ಜನ ಮೂಗು ಮುರೀತಾರೆ, ಅದು ನ್ಯಾಯ ಅಲ್ಲ. ಬೆಲೆ ಕಮ್ಮಿ, ಒಂದು ಕ್ಯಾಲಿಬರ್‌ಗೆ ಒಂದು ಪ್ರೆಸ್ ಸೆಟ್ ಮಾಡಿ ಮುಟ್ಟದೆ ಬಿಟ್ರೆ ವರ್ಷಗಟ್ಟಲೆ ಓಡಿಸ್ತಿರೋವ್ರನ್ನ ನೋಡಿದ್ದೀನಿ. ಅವ್ರಿಗೆ ಮಷೀನ್ ಬಿಚ್ಚಿ ಸೇರಿಸೋದ್ರಲ್ಲಿ ಖುಷಿ ಇದೆ. ನಂಗಿಲ್ಲ. ಇನ್ನು ಯಾರಾದ್ರೂ ತಿಂಗಳಿಗೆ 200, 300 ತೋಟಾ ಸಾಕು ಅನ್ನೋವ್ರಾದ್ರೆ ಪ್ರೋಗ್ರೆಸಿವೇ ಬೇಡ, ನಾಲ್ಕು ಡೈ ಹಾಕೋ ಟರೆಟ್ ಪ್ರೆಸ್ ಸಾಕು, ನಾಲ್ಕು ಎಳೆತಕ್ಕೆ ಒಂದು ತೋಟಾ, ಗಂಟೆಗೆ 150ರ ಮೇಲೆ ಆರಾಮಾಗಿ ಬರುತ್ತೆ, ಮತ್ತೆ ಕಣ್ಣ ಮುಂದೆ ಒಂದೇ ಕೇಸ್ ಇರೋದ್ರಿಂದ ತಲೆನೋವೂ ಕಮ್ಮಿ.

ಕೊನೇಗೆ ನನ್ನದು 550 ಮತ್ತೆ 750 ನಡುವೆ ನಿಂತಿತು. ಹೊಸಬ್ರಿಗೆ 550 ತಗೋ ಅಂತ ಎಲ್ರೂ ಹೇಳೋದ್ರಲ್ಲಿ ಅರ್ಥ ಇದೆ, ಎಲ್ಲಾ ಕೈಯಲ್ಲೇ, ನಿಧಾನಕ್ಕೆ, ಕ್ಯಾಲಿಬರ್ ಬದಲಿಸೋದೂ ಸುಲಭ, ಅಗ್ಗ. ನಾಲ್ಕೈದು ಕ್ಯಾಲಿಬರ್ ಸ್ವಲ್ಪ ಸ್ವಲ್ಪ ತುಂಬೋವ್ರಿಗೆ ನಾನೂ ಅದನ್ನೇ ಹೇಳ್ತೀನಿ. ನಂದು ಹಾಗಲ್ಲ, ಒಂದೇ ಕ್ಯಾಲಿಬರ್, ರಾಶಿ ರಾಶಿ, ಮತ್ತೆ ಪೌಡರ್ ಚೆಕ್ ಬೇಕೇ ಬೇಕು. ಹಾಗಾಗಿ 750. ಸೈಜಿಂಗ್ ಮೊದಲನೇದ್ರಲ್ಲಿ, ಪ್ರೈಮರ್ ಮತ್ತೆ ಪೌಡರ್ ಎರಡನೇದ್ರಲ್ಲಿ, ಬಝರ್ ಮೂರನೇದ್ರಲ್ಲಿ, ಆಮೇಲೆ ಬುಲೆಟ್, ಆಮೇಲೆ ಟೇಪರ್ ಕ್ರಿಂಪ್. ಎಲೆಕ್ಟ್ರಿಕ್ ಕೇಸ್ ಫೀಡರ್ ತಗೊಳ್ಲಿಲ್ಲ. ಅದಿಲ್ದಿದ್ರೂ ಕೇಸ್ ಟ್ಯೂಬ್ ಕೈಯಲ್ಲಿ ತುಂಬಿ ಓಡಿಸ್ಬಹುದು, ಟ್ಯೂಬ್‌ಗೆ ಹಾಕೋವಾಗ ಒಂದೊಂದು ಕೇಸೂ ಬೆರಳ ನಡುವೆ ಹೋಗೋದ್ರಿಂದ ಸೀಳಿರೋದು, ಒಳಗೆ ಕಲ್ಲು ಸಿಕ್ಕಿರೋದು, 9 ಎಂಎಂ ನಡುವೆ ಸೇರ್ಕೊಂಡಿರೋ 380 ಕೇಸು, ಎಲ್ಲಾ ಅಲ್ಲೇ ಸಿಗ್ತವೆ.

ಬಂದ ಮೇಲೆ ಮೊದಲ ಕೆಲಸ ಮೇಜು. ಪ್ರೆಸ್ ಎಷ್ಟೇ ಒಳ್ಳೇದಾಗಿರ್ಲಿ, ಮೇಜು ಅಲ್ಲಾಡಿದ್ರೆ ಪೌಡರ್ ತೂಕ ಒಂದೇ ಸಮ ಬರಲ್ಲ, ಪ್ರೈಮರ್ ಒಂದೊಂದು ಒಂದೊಂದು ಆಳಕ್ಕೆ ಕೂರುತ್ತೆ. ದಪ್ಪ ಹಲಗೆ, ಹಿಂದೆ ಗೋಡೆಗೆ ಬೋಲ್ಟ್, ಪ್ರೆಸ್ ಕಾಲು ಹತ್ರಾನೇ ಮೇಜಿನ ಕಾಲು ಬರೋ ಹಾಗೆ ಮಾಡಿಸಿದೆ. ಆಮೇಲೆ ಪೌಡರ್ ಇಲ್ದೆ, ಪ್ರೈಮರ್ ಇಲ್ದೆ, ಒಂದೇ ಒಂದು ಕೇಸ್ ಇಟ್ಕೊಂಡು ಒಂದೊಂದೇ ಡೈ ಸೆಟ್ ಮಾಡ್ಕೊಂಡು ಹೋದೆ. ಒಂದು ವಿಷಯ ಯಾರೂ ಹೇಳಿರ್ಲಿಲ್ಲ: ಒಂದೇ ಕೇಸ್ ಇಟ್ಟು ಸೆಟ್ ಮಾಡಿದ ಬುಲೆಟ್ ಉದ್ದ, ತಟ್ಟೆ ಪೂರ್ತಿ ತುಂಬಿದಾಗ ಸ್ವಲ್ಪ ಬದಲಾಗುತ್ತೆ, ಯಾಕಂದ್ರೆ ಎಲ್ಲಾ ಸ್ಟೇಷನ್ನೂ ಒಟ್ಟಿಗೆ ಒತ್ತಿದಾಗ ತಟ್ಟೆ, ಟೂಲ್‌ಹೆಡ್ ಎಲ್ಲಾ ಕೂದಲೆಳೆಯಷ್ಟು ಬಾಗುತ್ತೆ. ಹಾಗಾಗಿ ಕೊನೇ ಅಳತೆ ತಟ್ಟೆ ತುಂಬಿರೋವಾಗಲೇ ತಗೋಬೇಕು. 9 ಎಂಎಂಗೆ ಒಟ್ಟು ಉದ್ದದ ಗರಿಷ್ಠ ಮಿತಿ 29.69 ಮಿಮೀ, ಆದ್ರೆ ಬುಲೆಟ್ ಆಕಾರ ನೋಡ್ಕೊಂಡು ಮ್ಯಾನುಯಲ್ ಹೇಳಿದ್ದಕ್ಕೆ ಹೋಗ್ಬೇಕು, ಹೇಳಿದ್ದಕ್ಕಿಂತ ಒಳಗೆ ತಳ್ಳಿದ್ರೆ ಒಳಗಿನ ಜಾಗ ಕಮ್ಮಿಯಾಗಿ ಪ್ರೆಷರ್ ಏರುತ್ತೆ.

ಕಾರ್ಬೈಡ್ ಡೈಗೆ ಲೂಬ್ (ಜಾರೋಕೆ ಹಚ್ಚೋ ಎಣ್ಣೆ) ಬೇಡ ಅಂತಾರೆ, ನಿಜ, ಆದ್ರೆ ಸ್ವಲ್ಪ ಸ್ಪ್ರೇ ಮಾಡಿ ಆಡಿಸಿದ್ರೆ ಹ್ಯಾಂಡಲ್ ಎಳೆಯೋ ಬಲ ಎಷ್ಟೋ ಕಮ್ಮಿ ಆಗುತ್ತೆ, ಸಂಜೆಗೆ ಭುಜ ಗೊತ್ತು ಮಾಡುತ್ತೆ ವ್ಯತ್ಯಾಸಾನ. ನೀರಲ್ಲಿ ಸ್ಟೀಲ್ ಪಿನ್ ಹಾಕಿ ತೊಳೆದ ಕೇಸ್ ಒಳಗಡೆ ತೀರಾ ಕ್ಲೀನ್ ಆಗಿ ಪೌಡರ್ ಫನಲ್‌ಗೆ ಕಚ್ಕೊಳ್ಳುತ್ತೆ, ಬಿಡೋವಾಗ ಜಗ್ಗಿ ಇಡೀ ಪ್ರೆಸ್ ನಡುಗುತ್ತೆ, ಅದಕ್ಕೂ ಇದೇ ಸ್ಪ್ರೇ ಪರಿಹಾರ.

ಪೌಡರ್ ಅಳತೆಗೆ ಬಾಲ್ ಪೌಡರ್ ಚೆನ್ನಾಗಿ ಹರಿಯುತ್ತೆ, ಕಡ್ಡಿ ಥರದ್ದು ಅಳತೆ ಗೂಡಿನಲ್ಲಿ ಕತ್ತರಿಸ್ಕೊಂಡು ಹೆಚ್ಚುಕಮ್ಮಿ ಮಾಡುತ್ತೆ. ಮೊದಲ ಹತ್ತು ಅಳತೆ ವಾಪಸ್ ಡಬ್ಬಕ್ಕೆ, ಆಮೇಲೆ ತೂಕ, ಆಮೇಲೂ ಪ್ರತಿ ಸಲ ಪ್ರೈಮರ್ ಟ್ಯೂಬ್ ತುಂಬೋಕೆ ಎದ್ದಾಗ ಒಂದು ತೂಕ. ಬಝರ್ ಇದೆ ಅಂತ ಕಣ್ಣಲ್ಲಿ ನೋಡೋದನ್ನ ಬಿಟ್ಟಿಲ್ಲ, ಬುಲೆಟ್ ಇಡೋ ಮುಂಚೆ ಕೇಸ್ ಒಳಗೆ ಕಾಣೋ ಹಾಗೆ ಟೂಲ್‌ಹೆಡ್ ಕೆಳಗೆ ಒಂದು ಸಣ್ಣ ಎಲ್‌ಇಡಿ ಹಚ್ಚಿದ್ದೀನಿ. ತಯಾರಾದ ತೋಟಾ ಕೇಸ್ ಗೇಜ್‌ಗೆ (ಅಳತೆ ಸರಿ ಇದೆಯಾ ಅಂತ ನೋಡೋ ಅಚ್ಚು) ಹಾಕಿ ನೋಡ್ತೀನಿ, ಮ್ಯಾಚ್‌ದಾದ್ರೆ ಒಂದೂ ಬಿಡಲ್ಲ, ಪ್ರೈಮರ್ ಮೇಲೆ ಬೆರಳಾಡಿಸಿದ್ರೆ ತಳಕ್ಕಿಂತ ಸ್ವಲ್ಪ ಒಳಗೇ ಇರ್ಬೇಕು, ಎದ್ದಿದ್ರೆ ಪಕ್ಕಕ್ಕೆ. ಮುಗಿದ್ಮೇಲೆ ಕೈ ಸೋಪಲ್ಲಿ ತೊಳೀರಿ, ಹಳೇ ಪ್ರೈಮರ್ ಪುಡೀಲಿ ಸೀಸ ಇರುತ್ತೆ.

ಸ್ಪೀಡ್ ಎಷ್ಟು ಬರ್ತಿದೆ ಅಂತ ಕೇಳಿದ್ರೆ, ಕಂಪನಿ ಹೇಳೋದ್ರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ, ನಂಗೆ ಅಷ್ಟು ಸಾಕು. 45 ಎಸಿಪಿಗೆ ಕನ್ವರ್ಷನ್ ತಗೊಳ್ಳೋಣ ಅಂತ ಮನಸ್ಸಿದೆ, ಆದ್ರೆ ಅದ್ರ ಕೇಸ್‌ಗಳಲ್ಲಿ ದೊಡ್ಡ ಪ್ರೈಮರ್‌ದೂ ಇದೆ ಸಣ್ಣದೂ ಇದೆ, ರೇಂಜ್‌ನಲ್ಲಿ ಎರಡೂ ಬೆರೆತು ಬಿದ್ದಿರುತ್ತೆ, ಮೊದಲು ಅದನ್ನ ಬೇರೆ ಮಾಡೋಕೆ ಕೂರ್ಬೇಕು. ರೈಫಲ್ ಮಾತ್ರ ಹಳೇ ಸಿಂಗಲ್ ಸ್ಟೇಜ್‌ನಲ್ಲೇ, ಕೇಸ್ ಲೂಬ್ ಮಾಡು, ಉದ್ದ ನೋಡು, ಟ್ರಿಮ್ ಮಾಡು ಅನ್ನೋದೆಲ್ಲಾ ಹೇಗಿದ್ರೂ ಪ್ರೆಸ್ ಆಚೆ ಮಾಡ್ಬೇಕಾದ ಕೆಲಸ, ಅದಕ್ಕೆ ಇಷ್ಟು ದೊಡ್ಡ ಮಷೀನ್ ಯಾಕೆ ಬೇಕು.